‘ಶರಪಂಜರ’ದಲ್ಲಿ ಭೀತಿ ಮತ್ತು ಸೈರಣೆ

ಹೊಸಗನ್ನಡದ ಆದ್ಯ ಕಾದಂಬರಿಗಾರ್ತಿಯೆಂದು ಮಾನ್ಯರಾದ ತಿರುಮಲಾಂಬಾ (1887-1982) ಕಪಿಲೆಯ ದಡದ ನಂಜನಗೂಡಿನವರು. ಬಾಲ್ಯದಲ್ಲಿಯೇ ವೈಧವ್ಯಕ್ಕೆ ಈಡಾದ ಅವರು 1913ರಲ್ಲಿ ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನು ಆರಂಭಿಸಿ ‘ಸುಶೀಲೆ’ಯನ್ನು ಪ್ರಕಟಿಸಿದರು. ನಂಜನಗೂಡನ್ನು ದಾಟಿದ ಕಪಿಲೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಗುಪ್ತವಾದ ಸ್ಫಟಿಕ ಸರೋವರವನ್ನೂ ಕೂಡಿಸಿಕೊಂಡು ಜನರು ಆ ಸಂಗಮವನ್ನು ತ್ರಿವೇಣಿಯೆಂದು ಕರೆಯುತ್ತಾರೆ. ‘ತ್ರಿವೇಣಿ’ ಎಂಬ ಹೆಸರಿನಿಂದ ಬರೆದ ಅನಸೂಯಾ ಶಂಕರ್ (1928-1963) ಅವರ ‘ಶರಪಂಜರ’ದ ನಾಯಿಕೆ ಕಾವೇರಿ. ಈ ನಾಮಸಾಮ್ಯ ಆಕಸ್ಮಿಕವಾದುದು. ಎರಡು ಕೃತಿಗಳನ್ನು ಜೊತೆಯಲ್ಲಿಟ್ಟು ಓದಬೇಕಾದ ಕಾರಣ ಬೇರೆಯೇ ಉಂಟು: ಎರಡರ ವಸ್ತುವೂ ಹೆಣ್ಣಿನ ಸೈರಣೆ.

‘ಸುಶೀಲೆ’ಯಲ್ಲಿ ಸೈರಣೆಗೆ ಫಲವಿದೆ. ದಾರಿ ತಪ್ಪಿದ ಪತಿಯನ್ನು ಪತ್ನಿಯ ತಾಳ್ಮೆಯೇ ಹಿಂದಕ್ಕೆ ತರುತ್ತದೆ. ನೊಂದವಳು ತಾಳಿದರೆ ಗೆಲ್ಲುತ್ತಾಳೆಂಬ ಆ ನಂಬಿಕೆಯನ್ನು ‘ಶರಪಂಜರ’ ಬುಡಸಹಿತ ಅಲುಗಿಸುತ್ತದೆ.

ಕಾವೇರಿ ಸತೀಶರದು ಒಲವಿನ ದಾಂಪತ್ಯ. ಬಾಣಂತಿತನದಲ್ಲಿ ಕಾವೇರಿಯ ಮತಿ ಕದಡುತ್ತದೆ. ಮದುವೆಗೆ ಮುಂಚಿನ ಕಹಿ ಅನುಭವವೊಂದನ್ನು ಆಕೆ ಮನಸ್ಸಿನ ಆಳದಲ್ಲಿ ಅದುಮಿಟ್ಟಿದ್ದಳೆಂಬುದು ಆಗ ಹೊರಬೀಳುತ್ತದೆ. ಚಿಕಿತ್ಸೆಯಿಂದ ಗುಣಹೊಂದಿ ಮನೆಗೆ ಮರಳುತ್ತಾಳೆ. ಸಾಮಾನ್ಯ ಕತೆ ಇಲ್ಲಿಗೆ ಮುಗಿಯಬಹುದಾಗಿತ್ತು. ತ್ರಿವೇಣಿಯವರ ಕತೆಯ ತಿರುಳು ಇಲ್ಲಿಂದ ಮುಂದಕ್ಕಿದೆ. ಮನಶ್ಶಾಸ್ತ್ರವನ್ನು ವ್ಯಾಸಂಗ ಮಾಡಿದ್ದ ಲೇಖಕಿ ರೋಗದ ವರ್ಣನೆಗಿಂತ ರೋಗ ವಾಸಿಯಾದ ಮೇಲಿನ ಬಾಳನ್ನು ಮುಖ್ಯವಾಗಿ ಪರಿಶೀಲಿಸಿದುದು ಕನ್ನಡ ಕಾದಂಬರಿಯ ಮಟ್ಟಿಗೆ ದೊಡ್ಡ ಹೆಜ್ಜೆ.

ಭೀತಿ ಇರುವುದು ಯಾರಲ್ಲಿ? ಕೃತಿಯ ಕೇಂದ್ರದಲ್ಲಿರುವ ಪ್ರಶ್ನೆ ಇದು. ರೋಗಿಯ ಭೀತಿಗೆ ವೈದ್ಯರು ಮದ್ದು ಕೊಟ್ಟರು. ರೋಗಿಯನ್ನು ಕಂಡು ಮನೆಗೂ ನೆರೆಹೊರೆಗೂ ಉಂಟಾದ ಭೀತಿಗೆ ಮದ್ದಿಲ್ಲ. ಕಾವೇರಿ ನಕ್ಕರೂ ಅನುಮಾನ, ಮೌನವಾಗಿದ್ದರೂ ಅನುಮಾನ. ಅಲಂಕರಿಸಿಕೊಂಡರೂ ಸಿಟ್ಟುಗೊಂಡರೂ ಅದು ಹುಚ್ಚಿನ ಲಕ್ಷಣ. ಹೊಡೆತ ಬಡಿತಗಳಿಲ್ಲದ ಈ ಪೀಡನೆ ಓರೆನೋಟ, ಪಿಸುಮಾತು, ಹುಸಿ ಕನಿಕರಗಳಿಂದ ಆದುದು. ಒಂದೊಂದು ಬಾಣವೂ ಸಣ್ಣದು. ಎಲ್ಲವೂ ಕೂಡಿದಾಗ ಪಂಜರ. ಇಲ್ಲಿ ಸೈರಣೆಯೂ ಆಕೆಯನ್ನು ಕಾಯಲಾರದು. ಸುಶೀಲೆಯ ಮೌನವನ್ನು ಲೋಕ ಗುಣವೆಂದು ಓದಿತು. ಕಾವೇರಿಯ ಮೌನವನ್ನು ಅದೇ ಲೋಕ ರೋಗವೆಂದು ಓದುತ್ತದೆ.

ಕೃತಿಯ ದೌರ್ಬಲ್ಯವನ್ನೂ ಹೇಳಬೇಕು. ಸತೀಶ ಮತ್ತೊಬ್ಬ ಹೆಣ್ಣಿನತ್ತ ಒಲಿದುದು ಗೊತ್ತಾದ ಮೇಲೆ ಕಾವೇರಿಯ ಮನಸ್ಸು ಮತ್ತೆ ಮುರಿಯುತ್ತದೆ. ಕತೆಗೆ ಇದರಿಂದ ವೇಗ ಬಂದಿತು, ವಿಚಾರಕ್ಕೆ ಹಾನಿಯಾಯಿತು. ತಪ್ಪೆಲ್ಲವನ್ನೂ ಸತೀಶನ ತಲೆಗೆ ಕಟ್ಟಿ ಓದುಗರು ನಿಶ್ಚಿಂತೆಯಿಂದ ಪುಸ್ತಕವನ್ನು ಮುಚ್ಚಬಹುದು. ಪಿಸುಗುಟ್ಟುವ ನೆರೆಯವರಲ್ಲಿ ತಾವೂ ಇದ್ದೇವೆಂಬುದನ್ನು ಮರೆಯಬಹುದು. ಸತೀಶ ನಿಷ್ಠನಾಗಿದ್ದೂ, ಬರಿಯ ಅಂಜಿಕೆಯಿಂದ ದೂರ ಸರಿದು ನಿಂತಿದ್ದರೆ ದುರಂತ ಇನ್ನೂ ದಾರುಣವಾಗುತ್ತಿತ್ತು. ಆದರೂ ಆತನ ದ್ರೋಹ ಹೊರಬೀಳುವ ಮುನ್ನವೇ ಪಂಜರ ಸಿದ್ಧವಾಗಿತ್ತೆಂಬುದನ್ನು ಸೂಕ್ಷ್ಮ ಓದುಗರು ಗುರುತಿಸದೆ ಇರರು. ಕೃತಿಯ ಸತ್ತ್ವ ಉಳಿದಿರುವುದು ಆ ಪೂರ್ವಭಾಗದಲ್ಲಿ.

1971ರಲ್ಲಿ ಪುಟ್ಟಣ್ಣ ಕಣಗಾಲರು ಇದನ್ನು ಚಲನಚಿತ್ರವಾಗಿಸಿದರು. ಕಲ್ಪನಾ ಅವರ ಅಭಿನಯದಿಂದ ಕಾವೇರಿ ಮನೆಮಾತಾದಳು. ಇಂದು ನಮ್ಮ ವಿದ್ಯಾರ್ಥಿಗಳಲ್ಲಿ ಹಲವರಿಗೆ ಕಾದಂಬರಿಗಿಂತ ಮೊದಲು ಚಿತ್ರ ಪರಿಚಿತ. ಚಿತ್ರದಲ್ಲಿ ನಾವು ಕಾವೇರಿಯನ್ನು ಹೊರಗಿನಿಂದ ನೋಡುತ್ತೇವೆ. ಆಕೆಯನ್ನು ದಿಟ್ಟಿಸುವವರ ಸಾಲಿನಲ್ಲಿ ನಮಗೂ ಒಂದು ಎಡೆ ದೊರೆಯುತ್ತದೆ. ಕಾದಂಬರಿ ಆಕೆಯ ಅಂತರಂಗಕ್ಕೆ ಕರೆದೊಯ್ದು, ದಿಟ್ಟಿಸಲ್ಪಡುವ ನೋವನ್ನು ನಮ್ಮದಾಗಿಸುತ್ತದೆ. ಆದುದರಿಂದ ಚಿತ್ರವನ್ನು ಕಂಡವರೂ ಮೂಲವನ್ನು ಓದತಕ್ಕದ್ದು.

ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾದದ್ದು 1954ರಲ್ಲಿ. ಮಾನಸಿಕ ಅಸ್ವಸ್ಥರಿಗೆ ಸಮಾಜದ ನಡುವೆ ಬಾಳುವ ಹಕ್ಕುಂಟೆಂದು ಶಾಸನ ಹೇಳಿದುದು 2017ರಲ್ಲಿ. ಆಸ್ಪತ್ರೆಯ ಬಾಗಿಲಿನಿಂದ ಮನೆಯ ಬಾಗಿಲಿನವರೆಗಿನ ದಾರಿ ಎಷ್ಟು ದುರ್ಗಮವೆಂಬುದನ್ನು ತ್ರಿವೇಣಿಯವರು ಶಾಸನಕ್ಕಿಂತ ಬಹು ಮುಂಚೆಯೇ ಕಂಡಿದ್ದರು. ತಾಳುವವಳನ್ನು ಹೊಗಳುವ ಸಾಹಿತ್ಯ ನಮ್ಮಲ್ಲಿ ಹೇರಳವಾಗಿದೆ. ತಾಳುವಂತೆ ಮಾಡಿದವರನ್ನು ಪ್ರಶ್ನಿಸುವುದು ವಿರಳ. ‘ಶರಪಂಜರ’ ತನ್ನ ಕುಂದುಗಳ ನಡುವೆಯೂ ಈ ವಿರಳ ಪಂಕ್ತಿಗೆ ಸೇರಿದ ಕೃತಿ.