ಇನ್ನೂರು ರೂಪಾಯಿಯ ಸಾಕ್ಷಿ

ಕಂಪನಿಯವರೇ ಜೋಡಿಸಿ, 3 ವರ್ಷದ ವಾರಂಟಿಯೊಡನೆ ಮನೆಗೆ ಕಳುಹಿಸಿದ ಕಂಪ್ಯೂಟರಿನ ಒಡಲನ್ನು ತೆರೆದು ನೋಡಬೇಕೆಂಬ ಆಸೆಯು, ಈ ವ್ಯಸನಕ್ಕೆ ಸಿಕ್ಕಿದವರಲ್ಲಿ ಒಂದಲ್ಲ ಒಂದು ದಿನ ತಲೆಯೆತ್ತದೆ ಇರಲಾರದು. ನನ್ನಲ್ಲಿ ಅದು ಹನ್ನೊಂದನೆಯ ತಿಂಗಳಿನಲ್ಲಿ ತಲೆಯೆತ್ತಿತು. 4 ಜಿಬಿಯ ರ‍್ಯಾಮ್ ತೆಗೆದು 16 ಜಿಬಿಯದನ್ನು ಕೂರಿಸೋಣವೆಂದು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದಕ್ಕೆ ಹೋದೆನು. "ಹಳೇದು ತಂದ್ಕೊಟ್ಬಿಡಿ ಸಾರ್, ಇನ್ನೂರು ಕಮ್ಮಿ ಮಾಡ್ಕೊಡ್ತೀನಿ" ಎಂದನು ಅಂಗಡಿಯಾತ. ನಾನು ಒಪ್ಪಲಿಲ್ಲ; ದೂರದೃಷ್ಟಿಯಿಂದಲ್ಲ, ಹುಟ್ಟುಗುಣವಾದ ಜಿಪುಣತನದಿಂದ.

ಮನೆಗೆ ಬಂದು ಸ್ಕ್ರೂಡ್ರೈವರ್ ಹಿಡಿದರೆ, ಡಬ್ಬದ ಹಿಂಬದಿಯ ಸ್ಕ್ರೂ ಒಂದರ ಮೇಲೆ ಹೆಬ್ಬೆರಳ ಉಗುರಿನಷ್ಟಗಲದ ಚೀಟಿಯೊಂದು, ತಾನು ಹರಿದರೆ ವಾರಂಟಿಯೂ ಹರಿಯಿತೆಂದು ಸಾರುತ್ತಿದ್ದಿತು. ಇಂಥ ಚೀಟಿಯನ್ನೇ ಶಾಸನವೆಂದು ಬಗೆದು ಕೈ ಹಿಂದೆಗೆದವರು ಅನೇಕರು. ಅಮೆರಿಕದಲ್ಲಾದರೋ, 1975ರ ಮ್ಯಾಗ್ನಸನ್–ಮಾಸ್ ವಾರಂಟಿ ಕಾಯಿದೆಯ ಮೇರೆಗೆ, ತನ್ನ ಬಿಡಿಭಾಗವನ್ನೇ ಬಳಸಬೇಕೆಂಬ ಷರತ್ತಿಗೆ ವಾರಂಟಿಯನ್ನು ಕಟ್ಟಿಹಾಕುವುದು ತಯಾರಕನಿಗೆ ಸಾಮಾನ್ಯವಾಗಿ ನಿಷಿದ್ಧ. ಅಲ್ಲಿಯ ಫೆಡರಲ್ ಟ್ರೇಡ್ ಕಮಿಷನ್ 2018ರ ಏಪ್ರಿಲ್‌ನಲ್ಲಿ ಇಂಥ ಷರತ್ತುಗಳ ಬಗೆಗೆ 6 ಕಂಪನಿಗಳಿಗೆ ಎಚ್ಚರಿಕೆಯ ಪತ್ರ ಬರೆದಿತ್ತು. ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಅನ್ಯಾಯದ ಕರಾರುಗಳನ್ನು ಪ್ರಶ್ನಿಸಲು ಅವಕಾಶವಿತ್ತಿದೆಯಾದರೂ ಚೀಟಿಯ ಮಾತನ್ನೆತ್ತಿಲ್ಲ. ಆದಕಾರಣ ನಾವು ಮೊದಲು ಓದತಕ್ಕುದು ಚೀಟಿಯನ್ನಲ್ಲ, ಪೆಟ್ಟಿಗೆಯೊಳಗಿನ ವಾರಂಟಿ ಪುಸ್ತಿಕೆಯನ್ನು.

ನನ್ನ ಪುಸ್ತಿಕೆಯ ನ್ಯಾಯ ಸರಳವಾಗಿತ್ತು: ಹೊಸ ಭಾಗಕ್ಕೆ ಅದರ ತಯಾರಕ ಹೊಣೆ, ಅದರಿಂದಾದ ಹಾನಿಗೆ ಹಾಕಿಸಿದವನು ಹೊಣೆ, ಮಿಕ್ಕುದಕ್ಕೆ ಕಂಪನಿ ಹೊಣೆ. ಈ ನ್ಯಾಯವು ತೊಡಕಾಗುವುದು ಗ್ರಾಫಿಕ್ಸ್ ಕಾರ್ಡಿನಲ್ಲಿ. ಸ್ಲಾಟಿನಿಂದ ಅದಕ್ಕೆ ದೊರೆಯುವುದು ಹೆಚ್ಚೆಂದರೆ 75 ವ್ಯಾಟ್. ಅದನ್ನು ಮೀರಿ ಬೇಡುವ ಕಾರ್ಡಿಗೆ ವಿದ್ಯುತ್ ಪೂರೈಸುವ ಎಸ್.ಎಂ.ಪಿ.ಎಸ್.ನಿಂದ ಬೇರೆ ತಂತಿ ಎಳೆಯಬೇಕು. ಮೊದಲಿದ್ದ ಭಾಗಗಳಿಗೆಂದೇ ಅಳೆದಿಟ್ಟ ಎಸ್.ಎಂ.ಪಿ.ಎಸ್. ಆ ಭಾರಕ್ಕೆ ಸುಟ್ಟರೆ ದೂರುವ ಬಾಯಿ ನಮಗಿರದು.

ಪುಸ್ತಿಕೆಯನ್ನು ನೆಚ್ಚಿ ಚೀಟಿ ಹರಿದು ಹೊಸ ರ‍್ಯಾಮ್ ಕೂರಿಸಿದ ಆರು ತಿಂಗಳ ತರುವಾಯ ಪ್ರೊಸೆಸರಿನ ಫ್ಯಾನು ಗೊರಗೊರನೆ ಸದ್ದು ಮಾಡತೊಡಗಿತು. ಸರ್ವಿಸ್ ಸೆಂಟರಿನ ತರುಣನು ಪಕ್ಕದ ತಗಡನ್ನು ಸರಿಸಿ ನೋಡಿ, "ಹೊರಗಿನ ರ‍್ಯಾಮ್ ಹಾಕ್ಸಿದೀರ, ವಾರಂಟಿ ಬರಲ್ಲ ಸಾರ್" ಎಂದುಬಿಟ್ಟನು. ರ‍್ಯಾಮಿಗೂ ಫ್ಯಾನಿಗೂ ಕಾರ್ಯಕಾರಣ ಸಂಬಂಧವಿಲ್ಲವೆಂದು ನಾನು ತರ್ಕಿಸಿದ್ದೆಲ್ಲ ವ್ಯರ್ಥವಾಯಿತು. ಮನೆಗೆ ಮರಳಿ, ಮೇಜಿನ ಡ್ರಾಯರಿನಲ್ಲಿ ಬಿಲ್ಲಿನೊಡನೆ ಮಲಗಿದ್ದ ಹಳೆಯ 4 ಜಿಬಿಯ ಪಟ್ಟಿಯನ್ನು ತೆಗೆದು, ಎರಡೂ ಕೊನೆಯ ಕ್ಲಿಪ್ಪುಗಳು ಟಕ್ಕೆನ್ನುವವರೆಗೆ ಅದರ ಸ್ಥಾನದಲ್ಲಿ ಒತ್ತಿ ಕೂರಿಸಿದೆನು. ಫ್ಯಾನಿನ ಗೊರಕೆ ಎಳ್ಳಷ್ಟೂ ತಗ್ಗಲಿಲ್ಲ. ಮರುದಿನ ಆ ತರುಣನಿಗೆ ನಡೆದುದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿ, ಯಂತ್ರವನ್ನು ಆತನೆದುರಿಗೇ ಚಾಲೂ ಮಾಡಿಸಿದೆನು. ತರ್ಕಕ್ಕೆ ಮಣಿಯದವನು ಸದ್ದಿಗೆ ಮಣಿದು ಹೊಸ ಫ್ಯಾನು ಹಾಕಿಕೊಟ್ಟನು; ಹರಿದ ಚೀಟಿಯ ಸುದ್ದಿಯನ್ನು ಯಾರೂ ಎತ್ತಲಿಲ್ಲ.

ಎಸ್.ಪಿ. ರಸ್ತೆಯಲ್ಲಿ ಇನ್ನೂರು ರೂಪಾಯಿಗೆ ನಾನು ಕೊಟ್ಟುಬಿಡಬಹುದಾಗಿದ್ದುದು, ನನ್ನ ಪರವಾಗಿ ನುಡಿಯಬಲ್ಲ ಏಕಮಾತ್ರ ಸಾಕ್ಷಿಯನ್ನು.