ಸೂರ್ಯಮಿತ್ರನ ಶಿಕ್ಷಣಕ್ರಮ: ವಡ್ಡಾರಾಧನೆಯ ಒಂದು ಪ್ರಸಂಗದ ಪುನರ್ವಿಮರ್ಶೆ

ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಲ್ಲಿ ಮೊದಲನೆಯದು ಸುಕುಮಾರಸ್ವಾಮಿಯ ಕಥೆ. ಅದರೊಳಗೆ ವಿದ್ಯಾಭ್ಯಾಸಕ್ಕೆ ಸಂಬಂಧಿಸಿದ ಒಂದು ಪ್ರಸಂಗವಿದೆ. ಡಿ. ಎಲ್. ನರಸಿಂಹಾಚಾರ್ಯರು ೧೯೪೯ರಲ್ಲಿ ಈ ಗ್ರಂಥವನ್ನು ಸಂಪಾದಿಸಿ ಪ್ರಕಟಿಸಿದ ಮೇಲೆ ಅದರ ಕಾಲ, ಕರ್ತೃ, ಭಾಷೆಗಳನ್ನು ಕುರಿತು ವಿಪುಲವಾದ ಚರ್ಚೆ ನಡೆದಿದೆ. ಈ ಪ್ರಸಂಗವನ್ನಾದರೋ ಗುರುವಿನ ಕಾಠಿಣ್ಯವೇ ಶಿಷ್ಯನಿಗೆ ಶ್ರೇಯಸ್ಕರವೆಂಬ ನೀತಿಗೆ ನಿದರ್ಶನವಾಗಿ ಓದಿ ಮುಂದೆ ಸಾಗುವುದು ಸುಲಭ. ಆ ನೀತಿಯನ್ನು ಕಥೆಯೇ ಸಮರ್ಥಿಸುತ್ತದೆಯೇ ಎಂಬುದು ಪ್ರಕೃತ ಲೇಖನದ ಪ್ರಶ್ನೆ. ಒಂದೆಡೆ ಕೂರಲಾರದ, ಕೇಳಿದ್ದನ್ನು ಮನಸ್ಸಿನಲ್ಲಿ ನಿಲ್ಲಿಸಲಾರದ ವಿದ್ಯಾರ್ಥಿಗಳನ್ನು ದಿನವೂ ಎದುರಿಸುವ ಅಧ್ಯಾಪಕರಿಗೆ ಇದು ಕೇವಲ ಸಾಹಿತ್ಯದ ಪ್ರಶ್ನೆಯಲ್ಲ.

ಪ್ರಸಂಗದ ಸಾರವಿಷ್ಟು. ಕೌಶಾಂಬಿಯ ರಾಜಪುರೋಹಿತನ ಮಕ್ಕಳಾದ ಅಗ್ನಿಭೂತಿ, ವಾಯುಭೂತಿಗಳು ಓದಿನಲ್ಲಿ ಮನಸ್ಸಿಡದೆ ಬೆಳೆದವರು. ತಂದೆ ತೀರಿಕೊಂಡಾಗ ವಿದ್ಯೆಯಿಲ್ಲದ ಕಾರಣ ಅವನ ಪದವಿ ಇವರ ಕೈತಪ್ಪುತ್ತದೆ. ತಾಯಿ ಕಾಶ್ಯಪಿ ಅವರನ್ನು ರಾಜಗೃಹದಲ್ಲಿದ್ದ ಸೋದರಮಾವ ಸೂರ್ಯಮಿತ್ರನ ಬಳಿಗೆ ಕಳುಹಿಸುತ್ತಾಳೆ. ಬಂಧುತ್ವವನ್ನು ಒಪ್ಪಿಕೊಂಡರೆ ಹುಡುಗರು ಮತ್ತೆ ಸಲುಗೆಯಿಂದ ಕೆಡುವರೆಂದು ಭಾವಿಸಿದ ಸೂರ್ಯಮಿತ್ರನು, ತಾನು ಅವರ ಮಾವನೇ ಅಲ್ಲವೆಂದುಬಿಡುತ್ತಾನೆ. ಭಿಕ್ಷೆ ಬೇಡಿ ಉಂಡು ಓದುವುದಾದರೆ ಕಲಿಸುವೆನೆನ್ನುತ್ತಾನೆ. ಹಲವು ವರ್ಷಗಳಲ್ಲಿ ಇಬ್ಬರೂ ವಿದ್ವಾಂಸರಾಗುತ್ತಾರೆ. ಬೀಳ್ಕೊಡುವ ದಿನ ಅವನು ನಿಜವನ್ನು ತಿಳಿಸುತ್ತಾನೆ. ಅಗ್ನಿಭೂತಿ ಅದನ್ನು ಉಪಕಾರವೆಂದು ತಿಳಿಯುತ್ತಾನೆ. ವಾಯುಭೂತಿಗೆ ಅದು ಆರದ ಅಪಮಾನ.

ಇಲ್ಲಿಗೇ ಕಥೆ ನಿಂತಿದ್ದರೆ ಸೂರ್ಯಮಿತ್ರನು ಜಯಶಾಲಿಯೆಂದೇ ಹೇಳಬೇಕಾಗಿತ್ತು. ಪಾಂಡಿತ್ಯದ ಮಟ್ಟಿಗೆ ಅವನ ಕ್ರಮ ಇಬ್ಬರಲ್ಲಿಯೂ ಫಲಿಸಿದುದು ದಿಟ. ಆದರೆ ಕಥೆ ಮುಂದುವರಿಯುತ್ತದೆ. ಮುಂದೆ ಸೂರ್ಯಮಿತ್ರನು ಮುನಿಯಾಗಿ ಕೌಶಾಂಬಿಗೆ ಬಂದಾಗ ವಾಯುಭೂತಿ ಅವನನ್ನು ನಿಂದಿಸುತ್ತಾನೆ. ಆ ದ್ವೇಷದ ಫಲವಾಗಿ ಹೀನಜನ್ಮಗಳನ್ನು ಹಾದು ಕಡೆಗೆ ಸುಕುಮಾರನಾಗಿ ಹುಟ್ಟುತ್ತಾನೆ. ಕಥೆಗಾರನ ದೃಷ್ಟಿಯಲ್ಲಿ ದೋಷ ವಾಯುಭೂತಿಯದೇ. ಕರ್ಮಫಲವನ್ನು ತೋರಿಸುವುದು ಅವನ ಉದ್ದೇಶ. ಆದರೂ ಒಂದೇ ಮನೆಯ, ಒಂದೇ ಗುರುವಿನ, ಒಂದೇ ಕಟ್ಟುಪಾಡಿನ ಇಬ್ಬರು ಹುಡುಗರಲ್ಲಿ ಪರಿಣಾಮ ಎರಡಾಯಿತೆಂಬ ಸಂಗತಿಯನ್ನು ಅವನು ಪ್ರಾಮಾಣಿಕವಾಗಿ ದಾಖಲಿಸಿದ್ದಾನೆ. ವಿಮರ್ಶಕನು ಹಿಡಿಯಬೇಕಾದ ಎಳೆ ಇದೇ.

ಈ ಸೋದರರಿಗೆ ಇಂದಿನ ವೈದ್ಯಶಾಸ್ತ್ರದ ಹೆಸರನ್ನು ಹಚ್ಚುವುದು ಇತಿಹಾಸಕಾರನಿಗೆ ಸಲ್ಲದ ಕೆಲಸ. ಅವರು ಓದದೆ ಹೋದುದಕ್ಕೆ ಸಲುಗೆಯೇ ಸಾಕಷ್ಟು ಕಾರಣವಾಗಿದ್ದಿರಬಹುದು. ಆದರೆ ಓದದ ಹುಡುಗನಲ್ಲಿ ಮೊದಲು ಶೀಲದ ಕೊರತೆಯನ್ನೇ ಕಾಣುವ ದೃಷ್ಟಿ ಪ್ರಾಚೀನರದು ಮಾತ್ರವಲ್ಲ. ೧೯೦೨ರಲ್ಲಿ ಲಂಡನ್ನಿನ ವೈದ್ಯ ಜಾರ್ಜ್ ಸ್ಟಿಲ್, ಬುದ್ಧಿಗೆ ಕೊರತೆಯಿಲ್ಲದಿದ್ದರೂ ತಮ್ಮನ್ನು ಹಿಡಿತದಲ್ಲಿಟ್ಟುಕೊಳ್ಳಲಾರದ ಮಕ್ಕಳನ್ನು ಸೂಕ್ಷ್ಮವಾಗಿ ವರ್ಣಿಸಿಯೂ ಅದನ್ನು ನೈತಿಕ ಸಂಯಮದ ದೋಷವೆಂದೇ ಕರೆದನು. ಅಮೆರಿಕದ ಮನೋವೈದ್ಯರ ಕೈಪಿಡಿ ೧೯೮೦ರಲ್ಲಿ ಗಮನದ ಕೊರತೆಯನ್ನೇ ಹೆಸರಾಗಿಸಿತು, ೧೯೮೭ರಲ್ಲಿ ಎ.ಡಿ.ಎಚ್.ಡಿ. ಎಂಬ ಈಗಿನ ಹೆಸರು ಬಂದಿತು. ಇದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ, ಬಹುಮಟ್ಟಿಗೆ ವಂಶಾನುಗತವಾದ ಸ್ಥಿತಿ; ಸೋಮಾರಿತನವಲ್ಲ. ಗದ್ದಲ ಮಾಡುವ ಹುಡುಗನಲ್ಲಿ ಅದು ಬೇಗ ಕಾಣುತ್ತದೆ. ಸುಮ್ಮನೆ ಕುಳಿತು ಬೇರೆಲ್ಲೋ ಮನಸ್ಸಿಟ್ಟ ಹುಡುಗಿಯಲ್ಲಿ ಕಾಣದೆಯೇ ಉಳಿಯುವುದುಂಟು.

ಈ ತಿಳಿವಳಿಕೆಯ ಬೆಳಕಿನಲ್ಲಿ ಸೂರ್ಯಮಿತ್ರನ ಕ್ರಮವನ್ನು ಎರಡಾಗಿ ಬಿಡಿಸಿ ನೋಡಬೇಕು. ಮೊದಲನೆಯದು ಕಟ್ಟುಪಾಡು: ಊರಿನ ಆಕರ್ಷಣೆಗಳಿಂದ ದೂರವಿದ್ದು, ಗುರುವಿನ ಸಮೀಪದಲ್ಲಿ, ತಪ್ಪದೆ ನಡೆಯುವ ಪಾಠ. ಎರಡನೆಯದು ಅವಮಾನ ಮತ್ತು ಬಂಧುತ್ವದ ನಿರಾಕರಣೆ. ಮೊದಲನೆಯದನ್ನು ಇಂದಿನ ಶಾಸ್ತ್ರವೂ ಎತ್ತಿಹಿಡಿಯುತ್ತದೆ. ಇಂತಹ ವಿದ್ಯಾರ್ಥಿಯನ್ನು ಕಿಟಕಿ ಬಾಗಿಲುಗಳಿಂದ ದೂರ, ಅಧ್ಯಾಪಕರ ಹತ್ತಿರ ಕೂರಿಸಬೇಕು. ಒಂದು ಬಾರಿಗೆ ಒಂದೇ ಸೂಚನೆಯನ್ನು ಕೊಟ್ಟು ಹಲಗೆಯ ಮೇಲೆಯೂ ಬರೆಯಬೇಕು. ದೀರ್ಘವಾದ ಪಾಠವನ್ನು ತುಂಡುತುಂಡಾಗಿಸಿ ನಡುವೆ ಎದ್ದು ಓಡಾಡಲು ಅವಕಾಶ ಕೊಡಬೇಕು. ಸರಿಯಾಗಿ ಮಾಡಿದುದನ್ನು ಆ ಕ್ಷಣದಲ್ಲಿಯೇ ಮೆಚ್ಚಬೇಕು. ಮನೆಯಲ್ಲಿ ಪುಸ್ತಕ, ಚೀಲಗಳಿಗೆ ನಿಶ್ಚಿತ ಸ್ಥಳವೂ ಓದಿಗೆ, ನಿದ್ರೆಗೆ ನಿಶ್ಚಿತ ವೇಳೆಯೂ ಇರಬೇಕು. ಕಾಲೇಜಿನ ವಿದ್ಯಾರ್ಥಿಗೆ ಪ್ರಬಂಧದ ಕೊನೆಯ ದಿನವನ್ನಷ್ಟೇ ಹೇಳದೆ, ನಡುವಣ ಗಡುವುಗಳನ್ನೂ ಗೊತ್ತುಮಾಡಬೇಕು. ಔಷಧದ ಅಗತ್ಯವನ್ನು ವೈದ್ಯರು ನಿರ್ಣಯಿಸಬೇಕು, ಅಧ್ಯಾಪಕರಲ್ಲ. ಎರಡನೆಯ ಭಾಗವಾದ ಅವಮಾನದಿಂದ ಗಮನ ಬೆಳೆಯುವುದಿಲ್ಲ. ಬೆಳೆಯುವುದು ವಾಯುಭೂತಿಯ ಕಹಿ ಮಾತ್ರ.

ವಡ್ಡಾರಾಧನೆಯು ರಾಷ್ಟ್ರಕೂಟರ ಕಾಲದ್ದೆಂಬುದು ಹಲವು ವಿದ್ವಾಂಸರ ಮತ. ಅವರ ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಮಳಖೇಡ, ಕಾಗಿಣಾ ನದಿಯ ದಡದಲ್ಲಿದೆ. ಅದೇ ನದಿಯ ಕೆಳಪಾತ್ರದಲ್ಲಿ ಚಿತ್ತಾಪುರ ತಾಲ್ಲೂಕಿನ ದಂಡೋತಿ ಇದೆ. ಮಳೆಗಾಲದಲ್ಲಿ ಹೊಳೆ ಉಕ್ಕಿ ಅಲ್ಲಿಯ ಸೇತುವೆ ಮುಳುಗಿದಾಗ ಸಂಚಾರವೇ ನಿಲ್ಲುವುದುಂಟು. ಇಂತಹ ಊರಿನ ಮಗುವಿಗೆ ತಜ್ಞರ ಸಹಾಯ ಬೇಕೆಂದರೆ ಕಲಬುರಗಿಯವರೆಗೆ ಹೋಗಬೇಕು. ಕೂಲಿಯ ದಿನವನ್ನು ಬಿಟ್ಟು ಕರೆದೊಯ್ಯುವುದು ತಂದೆತಾಯಿಗಳಿಗೆ ಸುಲಭವಲ್ಲ. ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯ ೧೭ನೆಯ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಆದರೆ ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆ ಹೆಸರಿಸುವ ೨೧ ನ್ಯೂನತೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಗೆ ಸ್ಥಾನವಿದೆ, ಎ.ಡಿ.ಎಚ್.ಡಿ.ಗೆ ಪ್ರತ್ಯೇಕ ಸ್ಥಾನವಿಲ್ಲ. ಆದಕಾರಣ ಇಂತಹ ಮಗುವಿಗೆ ಮೊದಲು ದೊರೆಯಬಹುದಾದ ಸಹಾಯ, ಎಷ್ಟೋ ಸಲ ದೊರೆಯುವ ಏಕೈಕ ಸಹಾಯ, ತರಗತಿಯ ಅಧ್ಯಾಪಕರದೇ. ಮೇಲೆ ಹೇಳಿದ ಬಹುತೇಕ ಉಪಾಯಗಳಿಗೆ ಹಣ ಬೇಕಿಲ್ಲವೆಂಬುದು ಸಮಾಧಾನದ ಸಂಗತಿ.

ಸಲುಗೆ ಕೊಟ್ಟರೆ ಶಿಸ್ತು ಕೆಡುವುದೆಂಬ ಸೂರ್ಯಮಿತ್ರನ ಭಯ ನಮ್ಮ ಅಧ್ಯಾಪಕವರ್ಗದಲ್ಲಿ ಇಂದಿಗೂ ಇದೆ. ಪ್ರೀತಿ, ಶಿಸ್ತುಗಳು ಒಂದೆಡೆ ಇರಲಾರವೆಂದು ಅವನು ನಂಬಿದುದೇ ಅವನ ಕ್ರಮದ ಮೂಲದೋಷ. ಪಾಠದ ವೇಳೆ, ಪಾಠದ ಪ್ರಮಾಣ, ಪಾಠದ ನಿಷ್ಠೆ ಯಾವುದನ್ನೂ ಸಡಿಲಿಸದೆಯೇ ಅವನು ಹುಡುಗರಿಗೆ ತಾನು ಅವರ ಮಾವನೆಂದು ಹೇಳಬಹುದಾಗಿತ್ತು. ಕಡೆಯ ದಿನ ಆಡಿದ ಆ ಮಾತನ್ನು ಮೊದಲನೆಯ ದಿನವೇ ಆಡಿದ್ದರೆ, ವಾಯುಭೂತಿಯೂ ಅಣ್ಣನಂತೆ ಕೃತಜ್ಞನಾಗಿ ಮನೆಗೆ ಹಿಂದಿರುಗುತ್ತಿದ್ದನೋ ಏನೋ.