ವಾರ್ತೆಯಲ್ಲಿ 'ಗ್ರಾಮಸ್ಥರು'

2022ರ ನವೆಂಬರಿನಲ್ಲಿ ನಮ್ಮ ಜತ್ತ ತಾಲೂಕು ಇದ್ದಕ್ಕಿದ್ದಂತೆ ದೂರದರ್ಶನದ ಮುಖ್ಯ ವಾರ್ತೆಯಾಯಿತು. ಇಲ್ಲಿಯ ನಲವತ್ತು ಗ್ರಾಮಪಂಚಾಯಿತಿಗಳು ಕರ್ನಾಟಕವನ್ನು ಸೇರಲು ಠರಾವು ಮಾಡಿವೆಯೆಂದು ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಹೇಳಿದರು. ಅದು 2012ರ ಹಳೆಯ ಠರಾವೆಂದು ಮಹಾರಾಷ್ಟ್ರದ ಅಂದಿನ ಉಪಮುಖ್ಯಮಂತ್ರಿ ದೇವೇಂದ್ರ ಫಡಣವೀಸರು ಉತ್ತರಿಸಿದರು. ಬಳಿಕ ಕ್ಯಾಮೆರಾಗಳು ಊರೂರಿಗೆ ಬಂದವು.

ಆ ವಾರ್ತೆಗಳನ್ನು ಕನ್ನಡ, ಮರಾಠಿ ಎರಡರಲ್ಲೂ ನೋಡಿದವರು ನಾವು. ಮಂತ್ರಿಗಳು ಮಾತನಾಡುವಾಗ ಪರದೆಯ ಅಡಿಯಲ್ಲಿ ಹೆಸರು, ಹುದ್ದೆ ಮೂಡುತ್ತಿದ್ದವು. ಹೊಲದ ಬದುವಿನಲ್ಲಿ ನಿಂತ ರೈತನು ಬರಿಯ 'ಗ್ರಾಮಸ್ಥ'. ಕೊಡ ಹೊತ್ತ ಹೆಣ್ಣುಮಗಳಿಗೆ ಅದೂ ಇಲ್ಲ. ಅವಳು ದೃಶ್ಯ ಮಾತ್ರ. ಎಲ್ಲರಿಗೂ ಇದ್ದುದು ಒಂದೇ ಪ್ರಶ್ನೆ: ಯಾವ ರಾಜ್ಯ ಬೇಕು? ಉತ್ತರವು ನೀರಿನಿಂದ ಆರಂಭವಾದರೆ ಮೈಕು ಪಕ್ಕದವನತ್ತ ಸರಿಯುತ್ತಿತ್ತು.

ಆದರೆ ಠರಾವು ಹುಟ್ಟಿದ್ದೇ ನೀರಿಗಾಗಿ. ಕೃಷ್ಣೆಯ ನೀರನ್ನೆತ್ತುವ ಮ್ಹೈಸಾಳ ಯೋಜನೆ ತಾಲೂಕಿನ ಪೂರ್ವಭಾಗದ ಹಳ್ಳಿಗಳನ್ನು ಮುಟ್ಟದೆ ಉಳಿದುದೇ ಅದರ ಮೂಲ. ಠರಾವೆಂದರೇನು? ಜನ ಕೂಡಿ ಕುಳಿತು, ವಾದಿಸಿ, ಬರೆದು, ಸಹಿ ಹಾಕಿ ಸರಕಾರದ ಮುಂದೆ ಒಂದು ದಾರಿಯನ್ನಿಡುವುದು. ಆ ದಾರಿ ಸರಿಯೋ ತಪ್ಪೋ ಬೇರೆ ಮಾತು. ಅದು ವಿಚಾರ ಮಾಡುವ ಪ್ರಜೆಗಳ ಕೃತಿ. ವಾರ್ತೆಯ ಭಾಷೆ ಅದನ್ನು ಅಳಲು, ಆಕ್ರೋಶಗಳಿಗೆ ಇಳಿಸಿತು. ವಾಹಿನಿಗಳ ವ್ಯಾಕರಣವೇ ಹಾಗಿದೆ: ನಾಯಕರು ಹೇಳುತ್ತಾರೆ, ಘೋಷಿಸುತ್ತಾರೆ, ಜನರು ಕಣ್ಣೀರಿಡುತ್ತಾರೆ, ಹಿಡಿಶಾಪ ಹಾಕುತ್ತಾರೆ. ಹಿಡಿಶಾಪ ಹಾಕಿದವನಿಗೆ ಕಾಲುವೆಯ ನಕ್ಷೆಯೂ ಬಾಯಿಪಾಠವಿದ್ದೀತೆಂದು ಸಂಪಾದಕರು ಎಣಿಸಿದಂತೆ ತೋರದು.

ಇದು ನಮ್ಮ ಗಡಿಯೊಂದರ ದೋಷವೂ ಅಲ್ಲ. ಬ್ರಿಟನ್ ಮತ್ತು ಅಮೆರಿಕದ ದೂರದರ್ಶನ ವಾರ್ತೆಗಳನ್ನು ಪರಿಶೀಲಿಸಿ ಜಸ್ಟಿನ್ ಲೂಯಿಸ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಗ್ರಂಥವೂ ಇದನ್ನೇ ಕಂಡಿದೆ: ಸಾಮಾನ್ಯರು ಭಯವನ್ನೋ ಅನುಭವವನ್ನೋ ಹೇಳಲು ಬರುತ್ತಾರೆ, ಏನು ಮಾಡಬೇಕೆಂದು ಹೇಳಲು ಬರುವುದು ಅಪರೂಪ.

ಕ್ಯಾಮೆರಾ ಬಾರದಿದ್ದರೆ ಬೆಂಗಳೂರಿಗೂ ಮುಂಬಯಿಗೂ ನಮ್ಮ ನೆನಪಾಗುತ್ತಿರಲಿಲ್ಲವೆಂಬುದನ್ನು ಒಪ್ಪುತ್ತೇವೆ. ಆದರೆ ಗಡಿಯ ಮನುಷ್ಯನಿಗೆ ಒದಗುವ ತೊಡಕು ಬೇರೆಯೇ. ಮನೆಯಲ್ಲಿ ಕನ್ನಡ, ತಹಶೀಲ ಕಚೇರಿಯಲ್ಲಿ ಮರಾಠಿ ಆಡುವವನು ಅವನು. ಕನ್ನಡ ವಾಹಿನಿ ಅವನ ಅರ್ಧ ಮಾತನ್ನು ಅಭಿಮಾನದ ಸಾಕ್ಷಿಯಾಗಿಸಿತು. ಮರಾಠಿ ವಾಹಿನಿ ಉಳಿದರ್ಧವನ್ನು ನಿಷ್ಠೆಯ ಸಾಕ್ಷಿಯಾಗಿಸಿತು. ಎರಡನ್ನೂ ನೋಡಿದ ನಮ್ಮಂಥವರಿಗೂ ಅವನ ಇಡೀ ಮಾತು ದೊರೆಯಲಿಲ್ಲ. ಕನ್ನಡ ಶಾಲೆಗಳ ವಿಷಯವನ್ನಂತೂ ಅವನಿಗೆ ಯಾರೂ ಕೇಳಿದ್ದನ್ನು ನಾವು ಕಾಣಲಿಲ್ಲ.